ಕಣ್ಮರೆಯಾದ ಆಟದ ಪಾರ್ಕನ್ನು ನೆನಪಿನಿಂದ ಮರಳಿ ಬರೆಯುವುದು ಹೇಗೆ

ದೆಹಲಿಯ ಮಥುರಾ ರಸ್ತೆಯಲ್ಲಿ ಇಂದು ಸುಪ್ರೀಂ ಕೋರ್ಟಿನ ಹೆಚ್ಚುವರಿ ಕಟ್ಟಡಗಳು ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಅಪ್ಪು ಘರ್ ಇತ್ತು. 1984ರ ನವೆಂಬರ್ 19ರಂದು ಆರಂಭವಾಗಿ 2008ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿದ ಅದನ್ನು ದೇಶದ ಮೊದಲ ಅಮ್ಯೂಸ್‌ಮೆಂಟ್ ಪಾರ್ಕ್ ಎಂದೇ ಎಲ್ಲರೂ ಕರೆಯುತ್ತಿದ್ದರು. ಆರಂಭಕ್ಕೆ ಸರಿಯಾಗಿ ಎರಡು ವರ್ಷ ಮುಂಚೆ, 1982ರ ನವೆಂಬರ್ 19ರಂದು, ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ಶುರುವಾಗಿತ್ತು. ಆ ಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರನ್ನೇ ಪಾರ್ಕಿಗೂ ಇಟ್ಟರು. ಕಾಕಾನಗರದ ಸರ್ಕಾರಿ ವಸತಿಗೃಹದಲ್ಲಿ ಬೆಳೆದ ನನಗೂ ನನ್ನ ಅಕ್ಕನಿಗೂ ಅದು ದೇಶದ ಮೊದಲನೆಯದು ಎಂಬುದಕ್ಕಿಂತ ನಮ್ಮ ಮನೆಗೆ ಹತ್ತಿರದ್ದು ಎಂಬುದೇ ದೊಡ್ಡದಾಗಿತ್ತು. ಊರಿನಿಂದ ಕೆ.ಕೆ. ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಪ್ರಯಾಣ ಮಾಡಿ ಬರುತ್ತಿದ್ದ ನೆಂಟರ ಮಕ್ಕಳಿಗೆ ಕುತುಬ್ ಮಿನಾರಿಗಿಂತ ಮೊದಲು ನಾವು ತೋರಿಸುತ್ತಿದ್ದದ್ದು ಅದನ್ನೇ.

ಬಾಲ್ಯದಲ್ಲಿ ಆಡಿದ ಇಂಥದ್ದೊಂದು ಜಾಗ ನೆಲದ ಮೇಲಿಂದ ಅಳಿಸಿಹೋದಾಗ, ಅದರ ನೆನಪನ್ನು ಒಪ್ಪವಾಗಿ ದಾಖಲಿಸಲು ಬಯಸುವವರಿಗಾಗಿ ಈ ಬರಹ. ಅಕ್ಕನೂ ನಾನೂ ಸೇರಿ ಒಂದು ಮಳೆಗಾಲದಲ್ಲಿ ಈ ಕೆಲಸಕ್ಕೆ ಕುಳಿತೆವು. ಮುಗಿಸಲು ವರ್ಷದ ಮೇಲಾಯಿತು. ಆ ಅನುಭವದಿಂದ ನಾನು ಒತ್ತಿ ಹೇಳಬೇಕಾದದ್ದು ಇಷ್ಟು: ನೆನಪನ್ನು ಮೊದಲು ಅದು ಇರುವ ಹಾಗೆಯೇ, ತಪ್ಪುಗಳ ಸಮೇತ, ಕಾಗದಕ್ಕೆ ಇಳಿಸಬೇಕು, ಪರಿಶೀಲನೆ ಏನಿದ್ದರೂ ಆಮೇಲೆ, ಪರಿಶೀಲಿಸಿದಾಗ ತಪ್ಪೆಂದು ಗೊತ್ತಾದದ್ದನ್ನು ಸಹ ಅಳಿಸಬಾರದು.

ಹುಡುಕುವ ಮುನ್ನ ಬರೆದಿಡಿ

ಮೊದಲ ಕೆಲಸಕ್ಕೆ ಬೇಕಾದದ್ದು ಒಂದು ದೊಡ್ಡ ಡ್ರಾಯಿಂಗ್ ಹಾಳೆ, ಒಂದು ಪೆನ್ಸಿಲು ಮತ್ತು ಯಾರೂ ಮಾತನಾಡಿಸದ ಒಂದು ಗಂಟೆ. ಫೋನನ್ನು ಬೇರೆ ಕೋಣೆಯಲ್ಲಿಡಿ. ಆಲ್ಬಮ್ಮನ್ನು ತೆರೆಯಬೇಡಿ, ಅಂತರ್ಜಾಲದಲ್ಲಿ ಪಾರ್ಕಿನ ಹೆಸರನ್ನು ಹುಡುಕಬೇಡಿ, ಒಡಹುಟ್ಟಿದವರಿಗೆ ಕರೆ ಮಾಡಬೇಡಿ. ಹಾಳೆಯ ಕೆಳತುದಿಯಲ್ಲಿ ಗೇಟನ್ನು ಗುರುತಿಸಿ ಅಲ್ಲಿಂದ ಒಳಗೆ ಹೋಗುತ್ತಾ ಚಿತ್ರ ಬರೆಯಿರಿ. ಮಕ್ಕಳಾಗಿದ್ದ ನಾವು ಆ ಜಾಗವನ್ನು ಮೇಲಿನಿಂದ ನೋಡಿ ತಿಳಿದವರಲ್ಲ, ನಡೆದು ತಿಳಿದವರು. ಆದ್ದರಿಂದ ನಕ್ಷೆಯೂ ಕಾಲು ಹೋದ ದಾರಿಯಲ್ಲೇ ಬೆಳೆಯಬೇಕು. ಗೇಟು ದಾಟಿದೊಡನೆ ಎಡಕ್ಕೆ ತಿರುಗುತ್ತಿದ್ದಿರೋ ಬಲಕ್ಕೋ, ಮೊದಲು ಕಿವಿಗೆ ಬೀಳುತ್ತಿದ್ದ ಸದ್ದು ಯಾವುದು, ಸರದಿಯಲ್ಲಿ ನಿಂತಾಗ ಕೈ ಏನನ್ನು ಹಿಡಿದಿರುತ್ತಿತ್ತು, ಅಮ್ಮ ಎಲ್ಲಿ ಕುಳಿತಿರುತ್ತಿದ್ದರು ಎಂಬುದನ್ನೆಲ್ಲ ಆಯಾ ಸ್ಥಳದಲ್ಲೇ ಚಿಕ್ಕ ಅಕ್ಷರಗಳಲ್ಲಿ ಬರೆಯಿರಿ. ಅಳತೆಯ ಚಿಂತೆ ಬೇಡ. ನೆನಪಿನಲ್ಲಿ ದೊಡ್ಡದಾಗಿರುವುದು ಹಾಳೆಯಲ್ಲೂ ದೊಡ್ಡದಾಗಲಿ.

ನನ್ನ ಹಾಳೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಮೂಡಿದ್ದು ಜೈಂಟ್ ವೀಲ್ ಅಲ್ಲ, ಅದಕ್ಕೆ ಹೋಗುವ ಸಾಲಿನ ಕಬ್ಬಿಣದ ಕಂಬಿ. ನನ್ನ ಗದ್ದದ ಎತ್ತರಕ್ಕಿದ್ದ ಆ ಕಂಬಿಯ ಬಣ್ಣ ಸಾವಿರಾರು ಕೈಗಳು ತಾಗಿ ಸವೆದುಹೋಗಿ, ಒಳಗಿನ ಲೋಹ ಹೊಳಪಾಗಿ ಕಾಣುತ್ತಿತ್ತು. ಅದನ್ನು ಹಿಡಿದು ಅರ್ಧ ಗಂಟೆ ನಿಂತ ಮೇಲೆ ಅಂಗೈಗೆ ಹತ್ತುತ್ತಿದ್ದ ವಾಸನೆ, ಸ್ನಾನದ ಮನೆಯ ಹಳೆಯ ತಾಮ್ರದ ಹಂಡೆಯನ್ನು ಮುಟ್ಟಿದಾಗ ಬರುವ ವಾಸನೆಯ ಹಾಗೆಯೇ ಇತ್ತು. ಮೇಲಕ್ಕೆ ಹೋದಾಗ ಏನು ಕಂಡಿತೆಂದು ನನಗೆ ಒಂದಿಷ್ಟೂ ನೆನಪಿಲ್ಲ. ಕೆಳಗೆ ನಿಂತು ಕಾದದ್ದು ಮಾತ್ರ ಅಂಗೈಯಲ್ಲಿ ಉಳಿದಿದೆ. ನಕ್ಷೆ ಬರೆಯಲು ಕೂರದಿದ್ದರೆ ಈ ಕಂಬಿ ನನಗೆ ಎಂದೂ ಸಿಗುತ್ತಿರಲಿಲ್ಲ, ಏಕೆಂದರೆ ಅದರ ಫೋಟೊವನ್ನು ಯಾರೂ ತೆಗೆದಿರುವುದಿಲ್ಲ.

ಹುಡುಕಾಟಕ್ಕೆ ಮುನ್ನವೇ ಇದನ್ನು ಮಾಡಬೇಕೆಂದು ಇಷ್ಟು ಒತ್ತಿ ಹೇಳಲು ಗಟ್ಟಿಯಾದ ಕಾರಣವಿದೆ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಸಹ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಡಿಸ್ನಿ ಪಾರ್ಕಿನಲ್ಲಿ ಬಗ್ಸ್ ಬನ್ನಿ ಎಂಬ ಮೊಲದ ಕೈಕುಲುಕುವ ಸುಳ್ಳು ಜಾಹೀರಾತೊಂದನ್ನು ಕೆಲವರಿಗೆ ತೋರಿಸಿದರು. ಬಗ್ಸ್ ಬನ್ನಿ ವಾರ್ನರ್ ಬ್ರದರ್ಸ್ ಕಂಪನಿಯ ಪಾತ್ರ. ಡಿಸ್ನಿ ಪಾರ್ಕಿನೊಳಗೆ ಅದು ಕಾಣಿಸಿಕೊಳ್ಳಲು ಸಾಧ್ಯವೇ ಇಲ್ಲ. ಹಾಗಿದ್ದರೂ ಜಾಹೀರಾತನ್ನು ನೋಡಿದವರಲ್ಲಿ ಕೆಲವರು, ಚಿಕ್ಕಂದಿನಲ್ಲಿ ತಾವು ಅಲ್ಲಿ ಆ ಮೊಲವನ್ನು ಕಂಡದ್ದು ನಿಜವೆಂದೇ ಹೇಳಿದರು. ಅವರು ಸುಳ್ಳು ಹೇಳಿದವರಲ್ಲ. ಹೊಸದಾಗಿ ನೋಡಿದ ಚಿತ್ರ ಹಳೆಯ ನೆನಪಿನೊಳಗೆ ಸದ್ದಿಲ್ಲದೆ ಹೋಗಿ ಕುಳಿತುಬಿಟ್ಟಿತ್ತು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಅಕ್ಕ ನಕ್ಷೆ ಬರೆಯೋಣ ಎಂದು ಹೇಳುವ ಮುಂಚೆಯೇ, ಕುತೂಹಲ ತಾಳಲಾರದೆ ಒಂದು ರಾತ್ರಿ ಕುಳಿತು, ಯಾರು ಯಾರೋ ಹಂಚಿಕೊಂಡಿದ್ದ ಹಳೆಯ ಫೋಟೊಗಳನ್ನೆಲ್ಲ ನೋಡಿಬಿಟ್ಟಿದ್ದೆ. ಈಗ ನನ್ನ ಮನಸ್ಸಿನಲ್ಲಿರುವ ಆನೆಯ ಮೂರ್ತಿ ನಾನು ಕಣ್ಣಾರೆ ಕಂಡದ್ದೋ, ಆ ರಾತ್ರಿ ಪರದೆಯ ಮೇಲೆ ನೋಡಿದ್ದೋ, ಅಥವಾ 1982ರ ಕ್ರೀಡಾಕೂಟದ ಕಾಲದಲ್ಲಿ ನಮ್ಮ ಪೆನ್ಸಿಲ್ ಡಬ್ಬಿಯ ಮೇಲಿದ್ದ ಅಪ್ಪುವಿನ ಚಿತ್ರವೋ ಎಂದು ಬೇರ್ಪಡಿಸಿ ಹೇಳಲಾರೆ. ಅಕ್ಕ ಏನನ್ನೂ ನೋಡದೆ ಬರೆದಿದ್ದಳು. ಆದ್ದರಿಂದ ನಮ್ಮ ದಾಖಲೆಯಲ್ಲಿ ಗೇಟಿನ ಭಾಗಕ್ಕೆ ಅವಳ ನಕ್ಷೆಯನ್ನೇ ಆಧಾರವಾಗಿಟ್ಟುಕೊಂಡಿದ್ದೇವೆ.

ಒಡಹುಟ್ಟಿದವರೋ ಬಾಲ್ಯದ ಸ್ನೇಹಿತರೋ ಜೊತೆಗಿದ್ದರೆ ಪ್ರತಿಯೊಬ್ಬರೂ ಬೇರೆ ಬೇರೆ ಕುಳಿತು ಬರೆಯಬೇಕು. ಎಲ್ಲರದೂ ಮುಗಿದು ಹಾಳೆಯ ಮೂಲೆಯಲ್ಲಿ ಹೆಸರು, ದಿನಾಂಕ ಹಾಕಿದ ಮೇಲೆಯೇ ಒಟ್ಟಿಗೆ ಬಿಚ್ಚಿ ನೋಡಬೇಕು. ಎರಡು ಹಾಳೆಗಳು ಹೊಂದುವ ಕಡೆ ಒಂದು ಗುರುತು ಹಾಕಿ, ಹೊಂದದ ಕಡೆ ಇನ್ನೊಂದು. ಯಾರದು ಸರಿ ಎಂಬ ತೀರ್ಮಾನಕ್ಕೆ ಆಗಲೇ ಹೋಗಬೇಡಿ. ನಮ್ಮಿಬ್ಬರ ನಕ್ಷೆಗಳಲ್ಲಿ ಕೊಲಂಬಸ್ ಎಂದು ಕರೆಯುತ್ತಿದ್ದ ತೂಗುವ ಹಡಗು ಒಂದೇ ಕಡೆ ಇತ್ತು, ಡ್ಯಾಶಿಂಗ್ ಕಾರುಗಳ ತಗಡಿನ ಚಪ್ಪರವೂ ಹೊಂದಿತು, ಭೂತ್ ಬಂಗ್ಲಾ ಮಾತ್ರ ಹಾಳೆಯ ಆಚೆ ತುದಿಗೊಂದು ಈಚೆ ತುದಿಗೊಂದು ಬಿದ್ದಿತ್ತು. ಕುಡಿಯುವ ನೀರಿನ ನಲ್ಲಿಯನ್ನು ನಾನು ಹಡಗಿನ ಹಿಂದೆ ಬರೆದಿದ್ದೆ, ಅಕ್ಕ ಗೇಟಿನ ಪಕ್ಕ ಬರೆದಿದ್ದಳು. ಈ ನಲ್ಲಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ಒಂದು ದಿನವೋ, ಹಲವು ದಿನಗಳೋ

ನಕ್ಷೆಯ ನಂತರ, ನಿಮ್ಮ ನೆನಪಿನಲ್ಲಿರುವ 'ಆ ದಿನ' ನಿಜವಾಗಿಯೂ ಒಂದೇ ದಿನವೇ ಎಂದು ಪರೀಕ್ಷಿಸಿ. ಮತ್ತೆ ಮತ್ತೆ ಹೋದ ಜಾಗದ ವಿಷಯದಲ್ಲಿ ಮನಸ್ಸು ಪ್ರತಿ ಭೇಟಿಯನ್ನೂ ಬೇರೆಯಾಗಿ ಇಟ್ಟುಕೊಳ್ಳುವುದಿಲ್ಲ. ಎಲ್ಲವನ್ನೂ ಬೆರೆಸಿ ಒಂದೇ ದಿನದ ಕಥೆಯನ್ನಾಗಿ ಮಾಡಿಬಿಡುತ್ತದೆ. ಈ ಗಂಟನ್ನು ಬಿಡಿಸಲು ಸುಲಭವಾದ ದಾರಿಯೆಂದರೆ ಹೊಂದದ ವಿವರಗಳನ್ನು ಹುಡುಕುವುದು: ಬಟ್ಟೆಗೂ ಹವಾಮಾನಕ್ಕೂ ತಾಳೆಯಾಗದಿರುವುದು, ಇನ್ನೂ ಹುಟ್ಟಿರದ ತಂಗಿ ಅಲ್ಲಿರುವುದು, ಮಾರಿಹೋಗಿದ್ದ ಸ್ಕೂಟರಿನಲ್ಲಿ ಮನೆಗೆ ಮರಳುವುದು, ಇಂಥವು.

ನನ್ನ ಮನಸ್ಸಿನಲ್ಲಿದ್ದ ದಿನ ಹೀಗಿತ್ತು. ಮಂಡ್ಯದಿಂದ ಚಿಕ್ಕಪ್ಪನ ಮಕ್ಕಳು ಬಂದಿದ್ದರು. ನಾನು ಮಂಕಿ ಟೋಪಿ ಹಾಕಿಕೊಂಡಿದ್ದೆ. ಬಾಯಿಂದ ಹೊಗೆಯ ಹಾಗೆ ಉಸಿರು ಬರುತ್ತಿತ್ತು. ಅಪ್ಪ ಎಲ್ಲರಿಗೂ ಬೊಂಬಾಯಿ ಮಿಠಾಯಿ ಕೊಡಿಸಿದರು. ಅಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕಿನಲ್ಲಿ ವರ್ಷಕ್ಕೊಂದರಂತೆ ಇಟ್ಟಿದ್ದ ಲೆಕ್ಕದ ಪುಸ್ತಕಗಳು ಸಿಕ್ಕವು. 1987ರ ಪುಸ್ತಕದಲ್ಲಿ ಜೂನ್ 14ರ ಸಾಲಿನಲ್ಲಿ, ಹಾಲು ಮತ್ತು ಇಸ್ತ್ರಿಯ ಲೆಕ್ಕದ ಕೆಳಗೆ, ನೀಲಿ ಶಾಯಿಯಲ್ಲಿ 'ಅಪ್ಪು ಘರ್, ಮಂಡ್ಯದವರೂ ಸೇರಿ' ಎಂದಿತ್ತು. 'ಸೇರಿ' ಎಂಬಲ್ಲಿ ಶಾಯಿ ಸ್ವಲ್ಪ ಕದಡಿತ್ತು. ಕ್ಯಾಲೆಂಡರ್ ತೆಗೆದು ನೋಡಿದರೆ ಆ ದಿನ ಭಾನುವಾರ, ಅಂದರೆ ಅಪ್ಪನಿಗೆ ರಜೆ, ಎಲ್ಲವೂ ಸರಿಹೊಂದಿತು. ಆದರೆ ಜೂನ್ ತಿಂಗಳ ದೆಹಲಿಯಲ್ಲಿ ಮಂಕಿ ಟೋಪಿಯೆಲ್ಲಿ ಬಂತು?

ಉತ್ತರ ಸಿಗಲು ಎರಡು ವಾರ ಬೇಕಾಯಿತು. ಅಪ್ಪು ಘರ್ ಇದ್ದದ್ದು ಪ್ರಗತಿ ಮೈದಾನದ ಆವರಣದಲ್ಲಿ. ಅದೇ ಮೈದಾನದಲ್ಲಿ ಪ್ರತಿವರ್ಷ ನವೆಂಬರ್ 14ರಿಂದ ಅಂತರರಾಷ್ಟ್ರೀಯ ವ್ಯಾಪಾರ ಮೇಳ ನಡೆಯುತ್ತದೆ. ದೆಹಲಿಯ ಕನ್ನಡಿಗರು ಕರ್ನಾಟಕದ ಮಳಿಗೆಗೆ ತಪ್ಪದೆ ಹೋಗುತ್ತಿದ್ದರು. ನಾವೂ ಹೋಗುತ್ತಿದ್ದೆವು, ಊರಿನ ಅಗರಬತ್ತಿಯ ಪರಿಮಳಕ್ಕೇ ಅಮ್ಮ ಒಂದು ಸುತ್ತು ಹೆಚ್ಚು ಹಾಕುತ್ತಿದ್ದರು. ಟೋಪಿ, ಉಸಿರಿನ ಹೊಗೆ ಮತ್ತು ಮಿಠಾಯಿ ಮೇಳದ ಸಂಜೆಯವು. ಚಿಕ್ಕಪ್ಪನ ಮಕ್ಕಳು, ಹಡಗು ಮತ್ತು ಕಬ್ಬಿಣದ ಕಂಬಿ ಜೂನ್ ತಿಂಗಳವು. ಎರಡನ್ನೂ ನನ್ನ ಮನಸ್ಸು ಒಂದೇ ದಾರದಲ್ಲಿ ಪೋಣಿಸಿಕೊಂಡಿತ್ತು.

ಆದ್ದರಿಂದ ಪ್ರತಿ ನೆನಪನ್ನೂ ಒಂದೊಂದು ಸಣ್ಣ ಚೀಟಿಯಲ್ಲಿ ಬರೆದು, ಋತು, ಜೊತೆಗಿದ್ದವರು, ಹಗಲೋ ಸಂಜೆಯೋ ಎಂಬ ಆಧಾರದ ಮೇಲೆ ಮೇಜಿನ ಮೇಲೆ ಗುಂಪು ಮಾಡಿ. ನಾನು ಚೀಟಿಗೆ ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಬಳಸಿದೆ. ಯಾವ ಗುಂಪಿಗೂ ಸೇರದ ಚೀಟಿಗಳು ಉಳಿಯುತ್ತವೆ. ಅವನ್ನು ಬಲವಂತವಾಗಿ ಸೇರಿಸದೆ ಬೇರೆ ಲಕೋಟೆಯಲ್ಲಿಡಿ. ದಿನಾಂಕ ಹುಡುಕಲು ಮನೆಯ ಲೆಕ್ಕದ ಪುಸ್ತಕ, ಊರಿನಿಂದ ಬಂದ ಪತ್ರಗಳ ಮೇಲಿನ ಅಂಚೆ ಮುದ್ರೆ, ಶಾಲೆಯ ಪ್ರಗತಿಪತ್ರ, ರೈಲಿನ ಟಿಕೆಟ್ ಇವೆಲ್ಲ ಫೋಟೊಗಳಿಗಿಂತ ಹೆಚ್ಚು ನಂಬಲು ಯೋಗ್ಯ.

ಮೈಸೂರಿನ ದಸರಾ ವಸ್ತುಪ್ರದರ್ಶನದಂತೆ ವರ್ಷಕ್ಕೊಮ್ಮೆ ಬಂದು ಹೋಗುವ ಆಟಗಳ ನೆನಪನ್ನು ಬರೆಯುವವರಿಗೆ ಈ ಕೆಲಸ ಇನ್ನೂ ಕಷ್ಟ, ಏಕೆಂದರೆ ದೊಡ್ಡಕೆರೆ ಮೈದಾನದಲ್ಲಿ ತೊಟ್ಟಿಲು ನಿಲ್ಲುವ ಜಾಗ ವರ್ಷ ವರ್ಷವೂ ಬದಲಾಗಬಹುದು. ಅವರು ಒಂದೇ ನಕ್ಷೆಯ ಬದಲು ವರ್ಷಕ್ಕೊಂದು ನಕ್ಷೆ ಮಾಡುವುದು ಒಳ್ಳೆಯದು.

ಹಿರಿಯರನ್ನು ಮಾತನಾಡಿಸುವ ರೀತಿ

ಇದನ್ನು ಮುಂದೂಡಬೇಡಿ. ಆ ಪಾರ್ಕಿನ ಖರ್ಚು ಎಷ್ಟಾಗುತ್ತಿತ್ತು, ತಿಂಗಳ ಯಾವ ವಾರದಲ್ಲಿ ಹೋಗುವುದು ಸಾಧ್ಯವಿತ್ತು, ಯಾವ ಆಟಕ್ಕೆ ಬೇಡವೆಂದು ಏಕೆ ಹೇಳಿದರು ಎಂಬುದೆಲ್ಲ ಮಕ್ಕಳಿಗೆ ಗೊತ್ತಿರುವ ಸಂಗತಿಗಳಲ್ಲ. ಅಪ್ಪನನ್ನು ಕೇಳಬೇಕಿದ್ದ ಪ್ರಶ್ನೆಗಳನ್ನು ನಾನು ಅವರು ಹೋದ ಮೇಲೆ ಅವರ ಲೆಕ್ಕದ ಪುಸ್ತಕವನ್ನು ಕೇಳಬೇಕಾಯಿತು.

ಮಾತುಕತೆಯನ್ನು ಫೋನಿನಲ್ಲೇ ಧ್ವನಿಮುದ್ರಿಸಿಕೊಳ್ಳಬಹುದು, ಆದರೆ ಮುದ್ರಿಸುತ್ತಿರುವುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಅಡುಗೆಮನೆ, ಟಿ.ವಿ. ಮತ್ತು ಜೋರಾಗಿ ತಿರುಗುವ ಫ್ಯಾನಿನಿಂದ ದೂರ ಕುಳಿತುಕೊಳ್ಳಿ. ಆರಂಭದಲ್ಲೇ ನಿಮ್ಮ ಧ್ವನಿಯಲ್ಲಿ ದಿನಾಂಕ, ಸ್ಥಳ, ಮಾತನಾಡುತ್ತಿರುವವರ ಹೆಸರು ಹೇಳಿಬಿಡಿ. ಹತ್ತು ವರ್ಷದ ನಂತರ ಕಡತದ ಹೆಸರು ಬದಲಾಗಿದ್ದರೂ ಧ್ವನಿಯೊಳಗಿನ ಮಾಹಿತಿ ಉಳಿದಿರುತ್ತದೆ. ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ದಣಿಸಬೇಡಿ.

ಪ್ರಶ್ನೆ ಹೇಗಿರಬೇಕೆಂಬುದರ ಮೇಲೆ ಎಲ್ಲವೂ ನಿಂತಿದೆ. 'ಜೈಂಟ್ ವೀಲ್ ನೆನಪಿದೆಯಾ?' ಎಂದು ಕೇಳಿದರೆ 'ಹೂಂ, ಇದೆ' ಎಂಬ ಉತ್ತರ ಬಂದು ಮಾತು ನಿಲ್ಲುತ್ತದೆ. ಅಷ್ಟೇ ಅಲ್ಲ, ನೀವೇ ಒಂದು ಚಿತ್ರವನ್ನು ಅವರ ಮನಸ್ಸಿಗೆ ಕೊಟ್ಟ ಹಾಗಾಗುತ್ತದೆ. ಬದಲಿಗೆ, 'ಅಲ್ಲಿಗೆ ಹೊರಡುವ ದಿನ ಬೆಳಿಗ್ಗೆ ಮನೆಯಲ್ಲಿ ಏನೇನು ನಡೀತಿತ್ತಮ್ಮ?' ಎಂದು ಕೇಳಿ ನೋಡಿ. ಅಮ್ಮ ಆ ಪ್ರಶ್ನೆಗೆ ಅರ್ಧ ಗಂಟೆ ಉತ್ತರಿಸಿದರು. ಚಿತ್ರಾನ್ನ ಕಲಸಿ ಸ್ಟೀಲಿನ ಡಬ್ಬಿಗೆ ತುಂಬುತ್ತಿದ್ದದ್ದು, ಕರ್ಚೀಫಿನ ತುದಿಗೆ ಚಿಲ್ಲರೆ ಗಂಟು ಹಾಕಿಕೊಳ್ಳುತ್ತಿದ್ದದ್ದು, ನಮಗೆ ಆಸೆ ಹುಟ್ಟದಿರಲೆಂದು ಐಸ್‌ಕ್ರೀಮಿನವನು ನಿಲ್ಲುವ ಕಡೆಯನ್ನು ಬಿಟ್ಟು ಬೇರೆ ದಾರಿಯಲ್ಲಿ ಕರೆದುಕೊಂಡು ಹೋಗುತ್ತಿದ್ದದ್ದು ಎಲ್ಲವೂ ಒಂದೊಂದಾಗಿ ಹೊರಬಂದವು. ನಾನು ನಕ್ಷೆಯಲ್ಲಿ 'ಸುತ್ತುದಾರಿ' ಎಂದು ಗುರುತಿಸಿದ್ದ ಒಂದು ವಿಚಿತ್ರ ತಿರುವಿಗೆ ಕಾರಣ ನನಗೆ ತಿಳಿದದ್ದು ಆಗ.

ಮಾತು ನಿಂತಾಗ ನೀವು ತುಂಬಬೇಡಿ. ಐದಾರು ಸೆಕೆಂಡಿನ ಮೌನದ ನಂತರ ಬರುವ ವಾಕ್ಯವೇ ಹಲವು ಸಲ ಬೆಲೆಯುಳ್ಳದ್ದಾಗಿರುತ್ತದೆ. ಫೋಟೊವನ್ನು ತೋರಿಸುವುದಾದರೆ ಕೊನೆಯಲ್ಲಿ ತೋರಿಸಿ. ತೋರಿಸುವ ಮೊದಲಿನ ಮಾತು ಯಾವುದು, ನಂತರದ್ದು ಯಾವುದು ಎಂಬುದು ದಾಖಲೆಯಲ್ಲಿ ತಿಳಿಯುವಂತಿರಲಿ. ತಂದೆ ತಾಯಿಯ ಮಾತನ್ನು ಅವರ ಎದುರಿಗೇ ತಿದ್ದಲು ಹೋಗಬಾರದು. ದಿನಾಂಕ ತಪ್ಪಾದರೆ ಅದನ್ನು ನೀವು ಟಿಪ್ಪಣಿಯಲ್ಲಿ ಸರಿಪಡಿಸಿಕೊಳ್ಳಬಹುದು, ಮುರಿದ ಮಾತಿನ ಓಟವನ್ನು ಮತ್ತೆ ಜೋಡಿಸಲಾಗುವುದಿಲ್ಲ.

ಫೋಟೊಗಳು ಹೇಳುವುದು, ಹೇಳದಿರುವುದು

ನಕ್ಷೆ, ಚೀಟಿ ಮತ್ತು ಮಾತುಕತೆ ಮೂರೂ ಮುಗಿದ ಮೇಲೆ ಆಲ್ಬಮ್ ತೆರೆಯಿರಿ. ನಾಲ್ಕು ಇಂಚು ಅಗಲ ಆರು ಇಂಚು ಉದ್ದದ ಸಾಮಾನ್ಯ ಪ್ರಿಂಟನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಗಳಂತೆ, ಸ್ಕ್ಯಾನ್ ಮಾಡಿದರೆ 2400ಕ್ಕೆ 3600 ಪಿಕ್ಸೆಲ್‌ಗಳ ಚಿತ್ರ ಸಿಗುತ್ತದೆ. ಹಿನ್ನೆಲೆಯ ಬೋರ್ಡಿನ ಅಕ್ಷರಗಳನ್ನು ಹಿಗ್ಗಿಸಿ ಓದಲು ಅಷ್ಟು ಸಾಕು. ನೆಗೆಟಿವ್ ಉಳಿದಿದ್ದರೆ ಅದನ್ನೇ ಸ್ಕ್ಯಾನ್ ಮಾಡಿಸುವುದು ಇನ್ನೂ ಮೇಲು, ಏಕೆಂದರೆ ಸ್ಟುಡಿಯೊದವರು ಪ್ರಿಂಟ್ ಹಾಕುವಾಗ ಅಂಚನ್ನು ಸ್ವಲ್ಪ ಕತ್ತರಿಸಿರುತ್ತಾರೆ, ನಿಮಗೆ ಬೇಕಾದ ವಿವರ ಆ ಅಂಚಿನಲ್ಲೇ ಇರಬಹುದು. ಅಂಟು ಹಾಳೆಯ ಹಳೆಯ ಆಲ್ಬಮ್‌ಗಳಲ್ಲಿ ಫೋಟೊ ಹಿಡಿದುಕೊಂಡುಬಿಟ್ಟಿದ್ದರೆ ಉಗುರಿನಿಂದ ಎಬ್ಬಿಸಲು ಹೋಗಬೇಡಿ. ಕಿಟಕಿಯ ಪಕ್ಕದ ಮೆದು ಬೆಳಕಿನಲ್ಲಿ, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಸರಿಸಿ, ಇದ್ದಲ್ಲೇ ಫೋಟೊ ತೆಗೆದುಕೊಳ್ಳಿ. ಪ್ರಿಂಟಿನ ಹಿಂದೆ ಬರೆಯುವುದಿದ್ದರೆ ಮೆದುವಾದ ಪೆನ್ಸಿಲಿನಿಂದ ಅಂಚಿನಲ್ಲಿ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ.

ಕೆಲವು ಕ್ಯಾಮೆರಾಗಳು ಚಿತ್ರದ ಮೂಲೆಯಲ್ಲಿ ಕಿತ್ತಳೆ ಬಣ್ಣದ ದಿನಾಂಕ ಮೂಡಿಸುತ್ತಿದ್ದವು. ಅದನ್ನು ಕಣ್ಣುಮುಚ್ಚಿ ನಂಬಬಾರದು. ಬ್ಯಾಟರಿ ಬದಲಿಸಿದ ಮೇಲೆ ದಿನಾಂಕ ಸರಿಪಡಿಸದೆ ಬಳಸಿದವರೇ ಹೆಚ್ಚು. ಹಿನ್ನೆಲೆಯನ್ನು ನೋಡುವುದು ಉತ್ತಮ. ಪ್ರಗತಿ ಮೈದಾನದ ಸುತ್ತಮುತ್ತ ತೆಗೆದ ಚಿತ್ರಗಳಿಗೆ ಒಂದು ಒಳ್ಳೆಯ ಗುರುತೆಂದರೆ ಹಾಲ್ ಆಫ್ ನೇಷನ್ಸ್. ವಾಸ್ತುಶಿಲ್ಪಿ ರಾಜ್ ರೇವಾಲ್ ಅವರೂ ಎಂಜಿನಿಯರ್ ಮಹೇಂದ್ರ ರಾಜ್ ಅವರೂ ಸೇರಿ ರೂಪಿಸಿದ, 1972ರ ಮೇಳಕ್ಕೆಂದು ಕಟ್ಟಿದ ಆ ಕಾಂಕ್ರೀಟಿನ ಜಾಲರಿ ಕಟ್ಟಡ 2017ರ ಏಪ್ರಿಲ್‌ವರೆಗೆ ನಿಂತಿತ್ತು, ಆಮೇಲೆ ಅದನ್ನೂ ಕೆಡವಿದರು. ತುದಿ ಕತ್ತರಿಸಿದ ಪಿರಮಿಡ್ಡಿನಂಥ ಅದರ ಆಕಾರ ಚಿತ್ರದ ಯಾವ ಬದಿಯಲ್ಲಿದೆ ಎಂಬುದರಿಂದ, ಫೋಟೊ ತೆಗೆದವರು ಯಾವ ದಿಕ್ಕಿಗೆ ಮುಖಮಾಡಿ ನಿಂತಿದ್ದರೆಂದು ಊಹಿಸಬಹುದು. ಮೆಟ್ರೊದ ಎತ್ತರದ ಮಾರ್ಗ ಕಂಡರೆ ಅದು ಪಾರ್ಕಿನ ಕೊನೆಯ ವರ್ಷಗಳ ಚಿತ್ರ. ಪ್ರಗತಿ ಮೈದಾನದ ನಿಲ್ದಾಣಕ್ಕೆ ರೈಲು ಬಂದದ್ದು 2006ರ ನವೆಂಬರಿನಲ್ಲಿ. ನಿಮ್ಮ ಊರಿನ ಪಾರ್ಕಿಗೂ ಇಂಥ ಗುರುತುಗಳು ಇದ್ದೇ ಇರುತ್ತವೆ: ಒಂದು ನೀರಿನ ಟ್ಯಾಂಕು, ಒಂದು ಚಿತ್ರಮಂದಿರ, ಒಂದು ಫ್ಲೈಓವರ್.

ಹಳೆಯ ಚಿತ್ರ ಸಿಗದಾಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಹೇಳಿ 'ಎಂಬತ್ತರ ದಶಕದ ಪಾರ್ಕಿನ ಫೋಟೊ' ಮಾಡಿಸಿಕೊಳ್ಳುವ ಆಸೆ ಈಗ ಸಹಜವಾಗಿ ಬರುತ್ತದೆ. ದಯವಿಟ್ಟು ಅಂಥ ಚಿತ್ರವನ್ನು ಈ ದಾಖಲೆಗೆ ಸೇರಿಸಬೇಡಿ. ಎರಡು ವರ್ಷದಲ್ಲಿ ಅದು ಸೃಷ್ಟಿಸಿದ್ದೆಂಬುದು ನಿಮಗೇ ಮರೆತುಹೋಗುತ್ತದೆ, ನಿಮ್ಮ ಮಕ್ಕಳಿಗಂತೂ ಅದೇ ನಿಜವಾಗುತ್ತದೆ. ಫೋಟೊ ಇಲ್ಲದ ಕಡೆ ನಿಮ್ಮ ಕೈಯ ಪೆನ್ಸಿಲ್ ಚಿತ್ರವಿರಲಿ. ಅದು ಎಷ್ಟೇ ಒರಟಾಗಿದ್ದರೂ ಅದರಲ್ಲಿ ಮೋಸವಿಲ್ಲ.

ಆಕಾಶದಿಂದ ನೋಡುವುದು, ಪತ್ರಿಕೆಯಲ್ಲಿ ಹುಡುಕುವುದು

ಈಗ ಹುಡುಕಾಟಕ್ಕೆ ಇಳಿಯಬಹುದು. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಹಾಕಿಕೊಂಡು, ಜಾಗವನ್ನು ಹುಡುಕಿ, ಮೇಲಿನ ಸಾಲಿನಲ್ಲಿರುವ ಗಡಿಯಾರದ ಗುರುತನ್ನು ಒತ್ತಿದರೆ ಅದೇ ಜಾಗದ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ನಮ್ಮ ನಗರಗಳಿಗೆ ಸ್ಪಷ್ಟವಾದ ಚಿತ್ರಗಳು ಸಿಗುವುದು ಹೆಚ್ಚಾಗಿ 2000ದ ಈಚೆಗಿನವು. ಆದ್ದರಿಂದ ಎಂಬತ್ತರ ದಶಕದ ಪಾರ್ಕು ಅದರಲ್ಲಿ ಕಾಣುವುದಿಲ್ಲ, ಕೊನೆಗಾಲದ ರೂಪ ಕಾಣುತ್ತದೆ. ನಡುವೆ ಹೊಸ ಆಟಗಳು ಬಂದಿರುತ್ತವೆ, ಹಳೆಯವು ಹೋಗಿರುತ್ತವೆ ಎಂಬುದು ಮನಸ್ಸಿನಲ್ಲಿರಲಿ. ಚಿತ್ರವನ್ನು ಪ್ರಿಂಟ್ ತೆಗೆದು, ಮೇಲೆ ಟ್ರೇಸಿಂಗ್ ಹಾಳೆಯಿಟ್ಟು, ನಿಮ್ಮ ನಕ್ಷೆಯನ್ನು ಬೇರೆ ಬಣ್ಣದಲ್ಲಿ ಅದರ ಮೇಲೆ ಬರೆಯಿರಿ.

ಅದೇ ತಂತ್ರಾಂಶದ ಅಳತೆಪಟ್ಟಿಯಿಂದ ಇನ್ನೊಂದು ಕೆಲಸವನ್ನೂ ಮಾಡಬಹುದು. ನಮ್ಮ ಕಾಕಾನಗರದ ಮನೆಯ ಮಾಳಿಗೆಯಿಂದ ಜೈಂಟ್ ವೀಲ್‌ನ ಮೇಲ್ತುದಿ ಕಾಣುತ್ತಿತ್ತೆಂದು ನಾನು ಬಲವಾಗಿ ನಂಬಿದ್ದೆ. ಅಳೆದು ನೋಡಿದಾಗ ನೇರ ದೂರ ಎರಡು ಕಿಲೋಮೀಟರಿಗೆ ತುಸು ಹೆಚ್ಚು, ದಿಕ್ಕು ಉತ್ತರ, ಪುರಾನಾ ಕಿಲಾ ಬಲಗಡೆಗೆ ಉಳಿಯುತ್ತದೆ, ನಡುವೆ ದಟ್ಟವಾದ ಮರಗಳು. ಕಾಣುತ್ತಿರಲೇ ಇಲ್ಲವೆಂದು ಇದರಿಂದ ಹೇಳಲಾಗದು, ಕಾಣುತ್ತಿತ್ತೆಂದೂ ಹೇಳಲಾಗದು. ನಮ್ಮ ದಾಖಲೆಯಲ್ಲಿ ಆ ಸಾಲಿನ ಮುಂದೆ ದೂರ ಮತ್ತು ದಿಕ್ಕನ್ನು ಬರೆದು, 'ತಮ್ಮನ ನೆನಪು. ಅಕ್ಕನಿಗೆ ಹೀಗೆ ನೆನಪಿಲ್ಲ' ಎಂದು ಸೇರಿಸಿದ್ದೇವೆ.

ಪತ್ರಿಕೆಗಳ ವಿಷಯದಲ್ಲಿ, ತೆರೆದ ದಿನದ ಮತ್ತು ಮುಚ್ಚಿದ ದಿನದ ಅಕ್ಕಪಕ್ಕದ ಒಂದೊಂದು ವಾರದ ಸಂಚಿಕೆಗಳಿಂದ ಆರಂಭಿಸಿದರೆ ಸಮಯ ಉಳಿಯುತ್ತದೆ. ದೆಹಲಿಯಲ್ಲಾದರೆ ತೀನ್ ಮೂರ್ತಿ ಆವರಣದ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಮೈಕ್ರೊಫಿಲ್ಮ್‌ಗಳಿವೆ, ಅಂದರೆ ಪುಟಗಳನ್ನು ಚಿಕ್ಕದಾಗಿ ಸೆರೆಹಿಡಿದ ಫಿಲ್ಮ್ ಸುರುಳಿಗಳು. ಸುದ್ದಿಗಿಂತ ಜಾಹೀರಾತುಗಳನ್ನು ಗಮನವಿಟ್ಟು ನೋಡಿ. ಸಮಯ, ದರ, ಹೊಸ ಆಟದ ಹೆಸರು ಸಿಗುವುದು ಅಲ್ಲಿ. ಪಾರ್ಕು ಏಕೆ ಮುಚ್ಚಿತೆಂಬುದನ್ನೂ ಒಂದು ಪುಟದಲ್ಲಿ ಬರೆದಿಡಿ. ಅಪ್ಪು ಘರ್ ಇದ್ದದ್ದು ಗುತ್ತಿಗೆಯ ಸರ್ಕಾರಿ ನೆಲದಲ್ಲಿ. ಆ ನೆಲ ಸುಪ್ರೀಂ ಕೋರ್ಟಿನ ವಿಸ್ತರಣೆಗೂ ಮೆಟ್ರೊಗೂ ಬೇಕಾಯಿತು. ಮಕ್ಕಳು ಬರುವುದನ್ನು ನಿಲ್ಲಿಸಿದ್ದರಿಂದ ಅದು ಮುಚ್ಚಲಿಲ್ಲ ಎಂಬ ಸಂಗತಿ ನನಗೆ ಇಂದಿಗೂ ಮುಖ್ಯವೆನಿಸುತ್ತದೆ.

ಆಮೇಲೆ ಒಮ್ಮೆ ಆ ಜಾಗಕ್ಕೆ ಹೋಗಿ ಬನ್ನಿ. ನ್ಯಾಯಾಲಯದ ಹೆಚ್ಚುವರಿ ಕಟ್ಟಡಗಳನ್ನು 2019ರ ಜುಲೈ 17ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ್ದರು. ಮೆಟ್ರೊ ನಿಲ್ದಾಣದ ಹೆಸರು ಸಹ ಪ್ರಗತಿ ಮೈದಾನ ಹೋಗಿ ಸುಪ್ರೀಂ ಕೋರ್ಟ್ ಎಂದಾಗಿದೆ. ಭದ್ರತೆಯ ಜಾಗವಾದ್ದರಿಂದ ನಾವು ಅಲ್ಲಿ ಫೋಟೊ ತೆಗೆಯಲಿಲ್ಲ, ರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಂತು ಬಂದೆವು. ಕಾಂಪೌಂಡಿನ ಆಚೆಯ ಕೆಲವು ಮರಗಳು ಹೊಸ ಕಟ್ಟಡಕ್ಕಿಂತ ಬಹಳ ಹಳೆಯವೆಂದು ತೋರಿತು. ಮರಗಳನ್ನು ಗುರುತಿಸಿಕೊಳ್ಳಿ, ಉಪಗ್ರಹ ಚಿತ್ರದಲ್ಲಿ ಹಳೆಯದನ್ನೂ ಹೊಸದನ್ನೂ ಜೋಡಿಸಲು ಅವು ನೆರವಾಗುತ್ತವೆ.

ಬರೆದು ಮುಗಿಸುವಾಗ

ಎಲ್ಲವನ್ನೂ ಒಂದು ಸುಂದರ ಪ್ರಬಂಧವನ್ನಾಗಿ ಹೆಣೆಯುವ ಅಗತ್ಯವಿಲ್ಲ. ಬಲಬದಿಯ ಪುಟದಲ್ಲಿ ನೆನಪು, ಎಡಬದಿಯ ಪುಟದಲ್ಲಿ ಅದರ ಬಗ್ಗೆ ಸಿಕ್ಕ ಪುರಾವೆ ಎಂಬ ಕ್ರಮದಲ್ಲಿ ಬರೆದರೆ ಎರಡೂ ಬೆರೆಯದೆ ಉಳಿಯುತ್ತವೆ. ಯಾರ ನೆನಪೆಂಬುದು ಪ್ರತಿ ಸಾಲಿನಲ್ಲೂ ಇರಲಿ. ಆ ಕಾಲದಲ್ಲಿ ನಿಮ್ಮ ಬಾಯಲ್ಲಿದ್ದ ಹೆಸರುಗಳನ್ನೇ ಬಳಸಿ. ನಾವು ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ ಮಾತನಾಡುತ್ತಿದ್ದವರು, ಭೂತ್ ಬಂಗ್ಲಾವನ್ನು 'ದೆವ್ವದ ಮನೆ' ಎಂದು ಬರೆದ ಕೂಡಲೇ ಅದರ ಭಯವೆಲ್ಲ ಹೋಗಿಬಿಟ್ಟಿತು, ಹೊಡೆದುಹಾಕಿ ಮತ್ತೆ ಬರೆದೆವು. ಗುಂಪು ಫೋಟೊದಲ್ಲಿರುವ ಬೇರೆ ಮನೆಯ ಮಕ್ಕಳ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹಂಚಬೇಡಿ. ಡಿಜಿಟಲ್ ಕಡತಗಳ ಪ್ರತಿ ಕನಿಷ್ಠ ಎರಡು ಮನೆಗಳಲ್ಲಿ ಇರಬೇಕು. ನಮ್ಮಲ್ಲಿ ಒಂದು ಅಕ್ಕನ ಮನೆಯಲ್ಲಿದೆ, ಒಂದು ಮಂಡ್ಯದಲ್ಲಿದೆ.

ನೀರಿನ ನಲ್ಲಿಯ ವಿಷಯವನ್ನು ನಾವು ಕೊನೆಯವರೆಗೆ ಬಗೆಹರಿಸಲಿಲ್ಲ. ಉಪಗ್ರಹ ಚಿತ್ರದಲ್ಲಿ ಅಷ್ಟು ಚಿಕ್ಕ ವಸ್ತು ಕಾಣದು, ಯಾವ ಫೋಟೊದಲ್ಲೂ ಅದು ಇರಲಿಲ್ಲ. ಎರಡು ಹಾಳೆಗಳನ್ನೂ ಅಮ್ಮನ ಮುಂದೆ ಹರಡಿ, ಯಾರದು ಸರಿ ಎಂದು ಕೇಳಿದೆವು. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ಬಹಳ ಹೊತ್ತು ನೋಡಿದರು.

'ನಲ್ಲಿ ನೀರು ಕುಡಿದ್ರೆ ನಿಂಗೆ ಗಂಟಲು ಕಟ್ಕೊಳ್ತಿತ್ತು ಅಂತ ನಾನೇ ಮನೆಯಿಂದ ಕಾಯಿಸಿ ಆರಿಸಿದ ನೀರು ತರ್ತಿದ್ನಲ್ಲೋ. ನೀವಿಬ್ರೂ ಅಲ್ಲಿ ನಲ್ಲಿಗೆ ಬಾಯಿಟ್ಟಿದ್ದು ನಂಗೆ ಗೊತ್ತೇ ಇಲ್ಲ' ಎಂದರು.

ಎರಡೂ ನಲ್ಲಿಗಳನ್ನು ಹಾಗೆಯೇ ಉಳಿಸಿಕೊಂಡು, ಅಮ್ಮನ ಮಾತನ್ನು ದಿನಾಂಕದೊಂದಿಗೆ ಎಡಬದಿಯ ಪುಟದಲ್ಲಿ ಬರೆದೆವು. ಅಮ್ಮ ಕುಳಿತಿರುತ್ತಿದ್ದ ಬೆಂಚಿನ ಪಕ್ಕ ಒಂದು ನೀರಿನ ಬಾಟಲಿಯನ್ನು ಅಕ್ಕ ಪೆನ್ಸಿಲಿನಲ್ಲಿ ಸೇರಿಸಿದಳು.